ಭರತ ಮುಚ್ಚುವ ಬಾಗಿಲು

ಹಲಗೆ ಅಲುಗಿತು — ಇಲ್ಲ, ಅಲುಗಿದ್ದು ನೆರಳು, ನೀರಿನ ಮೇಲೆ ಮೋಡ ಸರಿದದ್ದು ಅಷ್ಟೆ, ಹಲಗೆ ಹಾಗೇ ತೂಗುತ್ತಿದೆ, ಕಟ್ಟೆಯ ಕಂಡಿಗೆ ಹೊಳೆಯ ಕಡೆಯಿಂದ, ಮೇಲಿನ ಅಡ್ಡಮರಕ್ಕೆ ಬಿಗಿದ ಎರಡು ನಾರಿನ ಹಗ್ಗದಲ್ಲಿ, ದುರ್ಗಿ ತಾನೇ ಕೂತು ಹೊಸೆದ ಹಗ್ಗ, ಈ ಯುದ್ಧದ ಕಾಲದಲ್ಲಿ ಕಬ್ಬಿಣ ಯಾರಪ್ಪ ಕೊಡುತ್ತಾನೆ, ಕುಮಟೆಯ ಪೇಟೆಯಲ್ಲಿ ಎರಡು ಮೊಳೆ ಕೇಳಿದರೆ ಅಂಗಡಿಯವನು ಅವಳನ್ನು ಮೇಲಿಂದ ಕೆಳಗೆ ನೋಡಿದ, ಎಂತಕ್ಕೆ, ವಿಮಾನ ಮಾಡ್ತ್ಯ ಎಂದ, ನಗಲಿ, ನಕ್ಕವರೆಲ್ಲ ಈಗ ಕಟ್ಟೆಯ ಮೇಲೆ ಸಾಲಾಗಿ ಕೂತಿದ್ದಾರಲ್ಲ, ಕೊಡೆ ಹಿಡಿದುಕೊಂಡು, ಎಲೆಯಡಿಕೆ ಹಾಕಿಕೊಂಡು, ಮದುವೆಗೆ ಬಂದವರ ಹಾಗೆ. ಹೊಳೆ ಆಗಲೇ ಹಿಂದಕ್ಕೆ ಹರಿಯತೊಡಗಿದೆ, ಅಮಾವಾಸ್ಯೆಯ ಭರತ, ಮಧ್ಯಾಹ್ನದೊಳಗೆ ಸಮುದ್ರವೇ ಅಘನಾಶಿನಿಯೊಳಗೆ ಏರಿ ಬರುತ್ತದೆ, ಇತ್ತ ಕಟ್ಟೆಯ ಒಳಗೆ ಊರಿನವರೆಲ್ಲರ ಗದ್ದೆ, ಮೊಳಕೆ ಬಿತ್ತಿ ಹನ್ನೆರಡೇ ದಿನ, ಗೇಣುದ್ದವೂ ಆಗದ ಹಸಿರು, ಉಪ್ಪುನೀರು ಒಮ್ಮೆ ನಿಂತರೆ ಸಾಕು, ಸುಟ್ಟೇಹೋಗುತ್ತದೆ. ಊರಗೌಡ ದೇವು ಗೌಡರು ಬೆಳಿಗ್ಗೆಯೇ ಹೇಳಿಬಿಟ್ಟಿದ್ದಾರೆ, ಇದೊಂದು ಭರತ ನೋಡ್ತೇವೆ ದುರ್ಗಿ, ಉಪ್ಪುನೀರು ಒಳಗೆ ಬಂತೋ, ಆತು, ನಾಳಿಂದ ಕಟ್ಟೆ ಕಾವಲು ಬೇರೆಯವ್ರಿಗೆ, ಕಾವಲಿನ ಗುಡಿಸ್ಲೂ ಬಿಡ್ಬೇಕಾತದೆ, ನನ್ನ ಬೈಬೇಡ. ಬೈಯುವುದು ಎಲ್ಲಿಂದ ಬಂತು, ಒಳ್ಳೆಯ ಮನುಷ್ಯ, ಒಳ್ಳೆಯವರು ಹೇಳಿದ ಮಾತೇ ಹೆಚ್ಚು ಚುಚ್ಚುತ್ತದೆ. ಅವಳ ಪಕ್ಕದಲ್ಲಿ ಗಂಡ ಶುಕ್ರ ಕೋಲು ಊರಿ ಕೂತಿದ್ದಾನೆ, ಅವನ ಕೈ — ನೋಡಬಾರದು ಎಂದುಕೊಂಡರೂ ನೋಡುತ್ತಾಳೆ — ನೀರು ಏರುತ್ತಿದ್ದಂತೆ ಅವನ ಎರಡು ಕೈಯೂ ತಾವಾಗಿಯೇ ಮುಷ್ಟಿ ಕಟ್ಟುತ್ತವೆ, ಹಗ್ಗವಿಲ್ಲದಿದ್ದರೂ ಹಗ್ಗ ಹಿಡಿಯುತ್ತವೆ.

ಇಪ್ಪತ್ತೆರಡು ವರ್ಷ, ಭರತಕ್ಕೆ ಹಲಗೆ ಇಳಿಸು, ಇಳಿತಕ್ಕೆ ಎತ್ತು, ದಿನಕ್ಕೆ ನಾಲ್ಕು ಸಲ, ಹಬ್ಬವಿಲ್ಲ ಹುಣ್ಣಿಮೆಯಿಲ್ಲ, ಅವಳ ತಂಗಿಯ ಮದುವೆ ಮಿರ್ಜಾನದಲ್ಲಿ, ಇಷ್ಟೇ ದೂರ, ಧಾರೆ ನೋಡುತ್ತ ಕೂತ ಶುಕ್ರ ನೀರು ಏರೋ ಹೊತ್ತಾತು ಎಂದು ಎದ್ದು ಓಡಿಬಂದಿದ್ದ, ಉಂಡಿರಲಿಲ್ಲ. ನಿದ್ದೆಯಲ್ಲೂ ಚಾಪೆಯ ಅಂಚು ಹಿಡಿದು ಎಳೆಯುವ ಕೈ, ಅಂಗೈಯ ಚರ್ಮ ಹಗ್ಗದಷ್ಟೇ ಒರಟು, ಹೊಸತರಲ್ಲಿ ಅವಳಿಗೆ ಆ ಒರಟು ಇಷ್ಟವಾಗಿತ್ತು, ಈಗಲೂ ಇಷ್ಟವೇ, ಯಾರಿಗೆ ಹೇಳುವುದು. ಹೋದ ವರ್ಷದ ಮಳೆಯಲ್ಲಿ ಕಟ್ಟೆಯಿಂದ ಜಾರಿ ಬಿದ್ದ, ಸೊಂಟ ಹೋಯಿತು, ಆವತ್ತು ಹಲಗೆ ಇಳಿಯಲಿಲ್ಲ, ಅರ್ಧ ಗದ್ದೆ ಹೋಯಿತು, ರೇಶನ್ ಅಕ್ಕಿಯ ಕಾಲದಲ್ಲಿ ಅರ್ಧ ಗದ್ದೆ! ಆಮೇಲೆ ವರ್ಷವಿಡೀ ಹಲಗೆ ಎಳೆದವಳು ದುರ್ಗಿ, ಎಳೆದೂ ಎಳೆದೂ ಹೆಗಲು ಇಳಿದುಹೋಗಿ, ಒಂದು ದಿನ ಹಗ್ಗ ಕೈಯಲ್ಲಿ ಹಿಡಿದೇ ಅತ್ತಿದ್ದಳು, ಹೇಗಪ್ಪ ಮುಚ್ಚಲಿ ಇದನ್ನ, ಹೇಗೆ ಮುಚ್ಚಲಿ, ಅಳುತ್ತಿರುವಾಗಲೇ ಅವ್ವ ಸಣ್ಣಮ್ಮ ನೆನಪಾದಳು, ಸತ್ತು ಆರು ವರ್ಷವಾದ ಅವ್ವ, ನಾಟಿಗದ್ದೆಯಲ್ಲಿ ಸೊಂಟ ಬಗ್ಗಿಸಿಕೊಂಡೇ ನೂರು ಹಾಡು ಹೇಳುತ್ತಿದ್ದವಳು, ಮಗಳು ನಡುವೆ ಮರೆತು ನಿಂತರೆ ಬೈಯುತ್ತಿದ್ದಳು, ಎಂತಕ್ಕೆ ತಡಕಾಡ್ತೆ, ಕಡೇ ಸಾಲಿಂದ ಹಿಡ್ಕೊ, ಹಿಂದೆ ಹಿಂದೆ ಬಾ, ಹಾಡು ತಾನೇ ಸಿಗ್ತದೆ. ಕಡೇ ಸಾಲು. ಕಡೇ ಸಾಲು ಯಾವುದು? ಹಲಗೆ ಮುಚ್ಚಿದೆ, ಶುಕ್ರ ಮನೆಯಲ್ಲಿ ಉಣ್ಣುತ್ತಿದ್ದಾನೆ, ದುರ್ಗಿ ಬಡಿಸುತ್ತಿದ್ದಾಳೆ, ಕಟ್ಟೆಯ ಮೇಲೆ ಯಾರೂ ಇಲ್ಲ. ಯಾರೂ ಇಲ್ಲದಿದ್ದರೆ ಮುಚ್ಚಿದವರು ಯಾರು? ಅಲ್ಲಿ ಆ ಹೊತ್ತಿಗೆ ಇದ್ದದ್ದು ಒಂದೇ, ನೀರು. ಅಯ್ಯೋ, ನೀರೇ ಮುಚ್ಚಬೇಕು! ಅಳು ಎಲ್ಲಿ ಹೋಯಿತೋ, ಓಡಿಹೋಗಿ ಮರಿಗೆಯಲ್ಲಿ ನೀರು ತುಂಬಿ, ನಡುವೆ ಮಣ್ಣಿನ ಕಟ್ಟೆ ಕಟ್ಟಿ, ಕಂಡಿ ಬಿಟ್ಟು, ತೆಂಗಿನ ಗೆರಟೆಯ ಚೂರನ್ನು ದಾರದಲ್ಲಿ ತೂಗುಹಾಕಿದಳು, ಒಳಗಿನ ನೀರು ತಳ್ಳಿದರೆ ಬಾಗಿಲು ಹೊರಕ್ಕೆ ತೆರೆಯಿತು, ಹೊರಗಿನಿಂದ ಸುರಿದರೆ ಟಪ್ ಎಂದು ಬಂದು ಕೂತಿತು, ಮತ್ತೆ ಸುರಿದಳು, ಟಪ್, ಅನ್ನ ಸೀದು ಹೋಯಿತು, ಹೋಗಲಿ. ಶುಕ್ರ ಮೊದಲು ನಕ್ಕ, ಗೊಂಬೆಯಾಟ ಎಂದ, ಆಮೇಲೆ ಕೋಲು ಎಳೆದುಕೊಂಡು ಬಂದು ಮರಿಗೆಯ ಪಕ್ಕ ಕೂತ, ಕಸ ಸಿಕ್ಕಿಕೊಂಡ್ರೆ? ಎಂದ, ಕಡ್ಡಿ ಸಿಕ್ಕಿಸಿದ, ಬಾಗಿಲು ನಿಂತಿತು, ಅದಕ್ಕೆ ಮುಂದೆ ಬಿದಿರಿನ ತಡಿಕೆ ಬಂತು, ಹಗ್ಗ ಸವೆದ್ರೆ? ಎಂದ, ಅದಕ್ಕೆ ಒಂದಿದ್ದದ್ದು ಎರಡಾಯಿತು, ಅವನು ತಪ್ಪು ಹುಡುಕಿದಷ್ಟೂ ಬಾಗಿಲು ಗಟ್ಟಿಯಾಯಿತು, ಅಂಥ ನಗುವವನು ಒಬ್ಬ ಮನೆಯಲ್ಲಿರಬೇಕು ನೋಡಿ. ಮರಿಗೆಯಲ್ಲಿ ನಲವತ್ತು ಸಲ ಸರಿಯಾಯಿತು, ಆಮೇಲೇ ಮಾವಿನ ಹಲಗೆ ಕೊಯ್ಸಿದ್ದು, ಆಮೇಲೇ ಗೌಡರ ಅಂಗಳದಲ್ಲಿ ಹೋಗಿ ನಿಂತದ್ದು.

ಬಂತು. ನೀರು ಹಲಗೆಯ ತುದಿ ಮುಟ್ಟಿತು, ಅಯ್ಯೋ ದೇವರೇ, ತಳ್ಳು, ತಳ್ಳು, ಒಳಕ್ಕೆ ತಳ್ಳಿ ಕೂರಿಸು — ಎಂತ ಇದು, ಹಲಗೆ ಕೂರುತ್ತಿಲ್ಲ, ಎದ್ದು ನಿಲ್ಲುತ್ತಿದೆ, ತುದಿ ಮೇಲಕ್ಕೆ ಬಂದು ನೀರಿನ ಮೇಲೆ ಮಲಗಿಬಿಟ್ಟಿತು, ಹಾಯಾಗಿ, ಅದರ ಅಡಿಯಿಂದ ಕೆಸರುಬಣ್ಣದ ನೀರು ಬಳುಕುತ್ತಾ ಗದ್ದೆಯ ಕಡೆ ಹೊರಟಿತು. ಉಪ್ಪು ಬಂತು, ಉಪ್ಪು ಬಂತು ಎಂದು ಕೂಗು, ಕೊಡೆಗಳು ಎದ್ದವು, ದೇವು ಗೌಡರು ಪಂಚೆ ಎತ್ತಿಕಟ್ಟಿ ಇಳಿಯುತ್ತಿದ್ದಾರೆ, ಹಳೇ ಹಲಗೆ ತನ್ನಿ ಮಾರಾಯ್ರೆ, ಸಾಕು ಈ ಹೆಂಗಸಿನ ಆಟ, ಶುಕ್ರ ಕೋಲು ಬಿಸಾಡಿ ಏಳಲು ನೋಡುತ್ತಾನೆ, ಏಳಲಾಗದೆ ಕೈ ಮುಂದೆ ಚಾಚಿ ಗಾಳಿಯನ್ನೇ ಎಳೆಯುತ್ತಾನೆ, ಆ ಕೈ, ಆ ಕೈ, ತಡಕಾಡಬೇಡ ದುರ್ಗಿ, ಕಡೇ ಸಾಲು, ಕಡೇ ಸಾಲು ಹಿಡಿ, ಬಾಗಿಲು ಟಪ್ ಎಂದು ಕೂತಿದೆ, ಮರಿಗೆಯಲ್ಲಿ ಕೂತಿತ್ತಲ್ಲ, ಅಲ್ಲಿ ಕೂತದ್ದು ಇಲ್ಲಿ ಯಾಕೆ ಕೂರುವುದಿಲ್ಲ, ನೀರು ಅದೇ, ಕಂಡಿ ಅದೇ, ಅಲ್ಲಿ ಬಾಗಿಲು ಗೆರಟೆ — ಗೆರಟೆ! ದಾರ ಕಡಿದಾಗಲೆಲ್ಲ ಮರಿಗೆಯ ತಳಕ್ಕೆ ಹೋಗುತ್ತಿತ್ತು, ತಡಕಿ ಎತ್ತಬೇಕಾಗಿತ್ತು, ಗೆರಟೆ ಮುಳುಗುತ್ತದೆ, ಮಾವು ತೇಲುತ್ತದೆ, ಮೂರ್ಖಿ, ದೋಣಿಯ ಊರಲ್ಲಿ ಹುಟ್ಟಿ ಮರ ತೇಲುತ್ತದೆಂದು ಗೊತ್ತಾಗಲಿಲ್ಲವೇ ನಿನಗೆ. ಭಾರ ಬೇಕು, ಕೆಳ ಅಂಚಿಗೆ ಭಾರ, ಕಟ್ಟೆಗೆ ತಾಗಿ ಮಾಸ್ತಿಯ ದೋಣಿ ಇದೆ, ಹೊಳೆಯಲ್ಲಿ ಬೆಳಚಿನ ಚಿಪ್ಪು ಆರಿಸುವ ಮಾಸ್ತಿ, ಮೂತಿಯಲ್ಲಿ ಲಂಗರಿನ ತೂತುಕಲ್ಲು, ಕೊಡೋ ಮಾಸ್ತಿ ಅದನ್ನ ಎಂದಳೋ ಕಸಿದಳೋ, ಏ ಅಕ್ಕ, ನನ್ನ ದೋಣಿ ತೇಲಿ ಹೋತದಲ್ಲೇ ಎಂದು ಅವನು, ಹೋಗ್ಲಿ ಬಿಡು ಎಂದು ಇವಳು, ಎದೆಮಟ್ಟದ ನೀರು, ತುಟಿಯ ಮೇಲೆ ಉಪ್ಪು, ಕಲ್ಲಿನ ಹಗ್ಗವನ್ನು ಹಲಗೆಯ ಕೆಳ ಅಂಚಿನ ಹಿಡಿಕೆಗೆ ಸುತ್ತಿ, ಎರಡು ಗಂಟು, ಮೂರು, ಗೌಡರು ಮೇಲಿಂದ ಎಂತ ಮಾಡ್ತೆ, ಅತ್ತ ಸರಿ ಎನ್ನುತ್ತಿದ್ದಾರೆ, ಸರಿದಳು, ಕೈ ಬಿಟ್ಟಳು.

ಟಪ್. ಅಷ್ಟೇ ಸದ್ದು, ಮರಿಗೆಯದಕ್ಕಿಂತ ದಪ್ಪ ಸದ್ದು, ಹಲಗೆ ಚೌಕಟ್ಟಿಗೆ ಬಂದು ಕೂತಿತು, ಹೊಳೆ ಏರಿದಷ್ಟೂ ಬಿಗಿಯಾಗಿ ಕೂರುತ್ತಿದೆ, ಅಂಚಿನಲ್ಲಿ ಒಂದೆರಡು ಹನಿ ಜಿನುಗಿ ನಿಂತವು, ಒಳಗೆ ಬಂದದ್ದು ಎಷ್ಟು, ಹತ್ತು ಕೊಡವೋ ನೂರು ಕೊಡವೋ, ಮೊದಲ ಕಾಲುವೆಯನ್ನೂ ದಾಟಿಲ್ಲ, ಒಂದು ಮಳೆಗೆ ತೊಳೆದು ಹೋಗುತ್ತದೆ. ಮಾಸ್ತಿ ತೇಲುತ್ತಿರುವ ದೋಣಿಯ ಹಿಂದೆ ಈಜುತ್ತಾ ಬೈಯುತ್ತಿದ್ದಾನೆ, ದೇವು ಗೌಡರು ಕಾಲುವೆ ದಾಟಿ, ಬಗ್ಗಿ ಗದ್ದೆಯ ನೀರನ್ನು ಬೆರಳಲ್ಲಿ ಮುಟ್ಟಿ ನಾಲಿಗೆಗಿಟ್ಟರು, ಮತ್ತೊಮ್ಮೆ ಇಟ್ಟರು, ಸಪ್ಪೆಯೇ ಅದೆ ಎಂದರು, ಇಳಿತಕ್ಕೆ ತಾನೇ ತೆರಿತದ ಇದು? ಎಂದರು, ತೆರಿತದೆ ಗೌಡ್ರೆ ಎಂದಳು, ಹಾಗಾರೆ ಕೆಳಗಿನ ಕಟ್ಟೆಗೂ ಒಂದು ಮಾಡು, ಕಲ್ಲು ಮೊದ್ಲೇ ಕಟ್ಟು, ಎಂದರು, ಅವಳಿಗೆ ನಗಬೇಕು, ಅಳಬೇಕು, ಅವ್ವನಿಗೆ ಹೇಳಬೇಕು, ಗುಡಿಸಲಿಗೆ ಹೋಗಿ ಅನ್ನಕ್ಕಿಡಬೇಕು, ಒದ್ದೆ ಸೀರೆ ಕಾಲಿಗೆ ಸುತ್ತಿಕೊಳ್ಳುತ್ತಿದೆ, ಕೆಳಗಿನ ಕಟ್ಟೆಯ ಕಂಡಿ ಅಗಲ, ಅದಕ್ಕೆ ಎರಡು ಹಲಗೆ ಬೇಕಾದೀತು, ಅಲ್ಲಿಯ ಕಡೇ ಸಾಲು ಯಾವುದೋ, ಕೇಳೋಣ ಎಂದು ಶುಕ್ರನ ಕಡೆ ತಿರುಗಿದಳು, ತಿರುಗಿದವಳು ನಿಂತಳು — ಭರತ ತುಂಬಿ ನಿಂತಿದೆ, ಕಟ್ಟೆಯಂಚಿನವರೆಗೂ ನೀರು, ಅವನ ತೊಡೆಯ ಮೇಲೆ ಅಂಗೈ ಮೇಲೆ ಮಾಡಿಕೊಂಡು ಎರಡು ಕೈ, ಬಿಚ್ಚಿದ ಕೈ, ಎಂತದನ್ನೂ ಎಳೆಯದ ಕೈ, ಭರತ ತುಂಬಿದೆ, ಅವನ ಎರಡು ಕೈ ಸುಮ್ಮನೆ