ಪುಟ್ಟ ಎಂಬ ಹುದ್ದೆ

"ಪುಟ್ಟ ತಾತಾ, ಬೇಗ! ನಾನಿಲ್ಲೇ ಹೆತ್ಕೊಂಡು ಕೂತ್ಕೋಬೇಕಾ?"

ಬಚ್ಚಲಮನೆಯ ಬಾಗಿಲ ಮುಂದೆ ಮಂಡಿಯೂರಿದ್ದ ಪುಟ್ಟ, ಬೀಗದ ತೂತಿನೊಳಗೆ ಬಿಟ್ಟಿದ್ದ ತಂತಿಯನ್ನು ಕೂದಲೆಳೆಯಷ್ಟು ಎಡಕ್ಕೆ ತಿರುಗಿಸಿದ. ಒಳಗೆ ಏನೋ ಕಚ್ಚಿಕೊಂಡಿತು, ಮತ್ತೆ ಜಾರಿತು.

"ನೋವು ಬಂತೇನಮ್ಮ?"

"ನೋವಲ್ಲ, ಕೋಪ ಬಂದಿದೆ. ಮುಂದ್ಗಡೆ ಬೀಗದ ಅಂಗಡಿ, ಹಿಂದ್ಗಡೆ ಕೆಟ್ಟ ಬೀಗ. ಯಾರಿಗಾದ್ರೂ ಹೇಳಿದ್ರೆ ನಗ್ತಾರೆ."

ಹಿಂದೆ ನಿಂತಿದ್ದ ದೊಡ್ಡಣ್ಣ ಕಟ್ಟಿದ ಕೈ ಬಿಚ್ಚದೆ ಸಲಹೆ ಕೊಟ್ಟ. "ಮೇಲಕ್ಕೆ ಒತ್ತೋ, ಪುಟ್ಟಾ. ಮೇಲಕ್ಕೆ. ಏನು ಮಾಡೋದು, ಇವನಿಗೆ ಇನ್ನೂ ಕೈ ಕುದುರಿಲ್ಲ."

ಇನ್ನೂ ಕೈ ಕುದುರದ ಪುಟ್ಟನಿಗೆ ಐವತ್ತಾರು. ತಲೆ ಬಾಣಲೆಯ ಬೆನ್ನಿನಷ್ಟು ನುಣುಪು. ಮಂಡಿಯೂರಿದರೆ ಏಳುವಾಗ ಗೋಡೆ ಹಿಡಿಯಬೇಕು. ಆ ಪೇಟೆಯಲ್ಲಿ ಅವನು ಬಿಚ್ಚದ ಬಾಗಿಲು ಕಡಿಮೆ, ಬಿಚ್ಚಿದ್ದಕ್ಕೆ ದೊಡ್ಡಣ್ಣನನ್ನು ಹೊಗಳದ ಗಿರಾಕಿ ಇನ್ನೂ ಕಡಿಮೆ.

ಬೀಗ 'ಟಕ್' ಎಂದಿತು. ಮೊದಲು ಹೊಟ್ಟೆ ಹೊರಬಂತು, ಅದರ ಹಿಂದೆ ದೊಡ್ಡಣ್ಣನ ಮೊಮ್ಮಗಳು. ಅವಳು ಗಂಡನ ಜೊತೆ ಅದೇ ಮನೆಯ ಮಹಡಿಯಲ್ಲಿದ್ದಳು, ಬಸ್ ಡಿಪೋದಲ್ಲಿ ವೇಳಾಪಟ್ಟಿ ಹಾಕುವ ಕೆಲಸ. ಪುಟ್ಟನ ಬೋಳು ತಲೆಯನ್ನು ಒಮ್ಮೆ ತಟ್ಟಿ, "ನೀವಿಲ್ದಿದ್ರೆ ಈ ಮನೇಲಿ ಯಾರೂ ಹೊರಗೆ ಬರ್ತಿರ್ಲಿಲ್ಲ ಪುಟ್ಟ ತಾತ," ಎಂದಳು.

"ಆಯ್ತಲ್ಲ," ದೊಡ್ಡಣ್ಣ ಖಾಲಿ ಫ್ಲಾಸ್ಕ್ ಮುಂದೆ ಹಿಡಿದ. "ಪುಟ್ಟಾ, ಟೀ."

ಫ್ಲಾಸ್ಕ್ ತೆಗೆದುಕೊಳ್ಳುತ್ತ ಪುಟ್ಟ ಅವಳ ಹೊಟ್ಟೆಯನ್ನೇ ನೋಡಿದ. ಒಳಗಿರುವುದು ಗಂಡಾಗಿದ್ದರೆ, ಇನ್ನು ಅವನು ತರಬೇಕಾದ ಟೀ ಬಹಳ ಉಳಿದಿರಲಿಲ್ಲ.

ಯಾಕೆಂದರೆ ಆ ಮನೆಯಲ್ಲಿ ಪುಟ್ಟ ಎನ್ನುವುದು ಹೆಸರಲ್ಲ, ಹುದ್ದೆ. ಮುತ್ತಜ್ಜ ಬೀಗದ ಅಂಗಡಿ ಇಟ್ಟ ಕಾಲಕ್ಕೆ ಮನೆ ತುಂಬ ಮಕ್ಕಳು, ಒಂದೊಂದಕ್ಕೂ ಮಾರುದ್ದದ ಹೆಸರು. ಕೆಲಸ ಹೇಳಬೇಕಾದಾಗ ಮುತ್ತಜ್ಜನಿಗೆ ಹೆಸರೇ ನೆನಪಾಗುತ್ತಿರಲಿಲ್ಲ, ಕೆಲಸ ಮಾತ್ರ ಮರೆಯುತ್ತಿರಲಿಲ್ಲ. ಕೊನೆಗೆ ಎಲ್ಲರಿಗಿಂತ ಚಿಕ್ಕ ಹುಡುಗನನ್ನು ಪುಟ್ಟ ಎಂದು ಕರೆದು, ಓಡಾಟದ ಕೆಲಸವನ್ನೆಲ್ಲ ಅವನ ತಲೆಗೆ ಕಟ್ಟಿದ. ಅಂಗಡಿಯ ಬಾಗಿಲ ಪಕ್ಕದ ಗಿಡ್ಡ ಮಣೆ ಪುಟ್ಟನದು, ಬೆನ್ನಿರುವ ಕುರ್ಚಿಗಳು ಉಳಿದವರವು. ಟೀ ತರುವುದು, ಕಸ ಗುಡಿಸುವುದು, ಎಲ್ಲರ ಮಾತು ಮುಗಿದ ಮೇಲೆ ಮಾತಾಡುವುದು ಪುಟ್ಟನ ಪಾಲು. ಇನ್ನೊಂದು ಗಂಡು ಕೂಸು ಹುಟ್ಟಿದ ದಿನ ಮಣೆಯನ್ನು ಅದರ ತೊಟ್ಟಿಲ ಕೆಳಗೆ ಇಡುವುದು. ಹಳೆಯ ಪುಟ್ಟ ಅಂದಿನಿಂದ ತನ್ನ ಪೂರ್ತಿ ಹೆಸರಿನ, ಕುರ್ಚಿಯ ಮನುಷ್ಯ.

ಪದ್ಧತಿ ಚೆನ್ನಾಗಿಯೇ ನಡೆಯಿತು, ನಡೆಯುವಷ್ಟು ದಿನ. ದೊಡ್ಡಣ್ಣ ಮೀಸೆ ಬರುವ ಮೊದಲೇ ದಾಟಿಕೊಂಡ. ನಡುವಣ್ಣ ನಾಲ್ಕನೇ ವಯಸ್ಸಿಗೇ ಪಾರಾದ. ಆದರೂ ಇವತ್ತಿಗೂ "ನಾನೂ ಪುಟ್ಟನಾಗಿದ್ದೋನೇ ಕಣೋ, ಆ ಕಷ್ಟ ನಂಗೊತ್ತು" ಎಂದು ತಮ್ಮನಿಗೆ ಧೈರ್ಯ ಹೇಳುತ್ತಾನೆ. ತಮ್ಮನ ನಂತರ ಆ ಮನೆಯಲ್ಲಿ ಹುಟ್ಟಿದ್ದೆಲ್ಲ ಹೆಣ್ಣು. ಮುತ್ತಜ್ಜ ಹೆಣ್ಣುಮಕ್ಕಳ ವಿಷಯ ಏನೂ ಹೇಳಿರಲಿಲ್ಲ, ಆದ್ದರಿಂದ ಯಾರೂ ಏನೂ ಕೇಳಲಿಲ್ಲ. ಪುಟ್ಟ ಮಣೆಯ ಮೇಲೇ ಬೆಳೆದ. ಮದುವೆಯ ಮಾತು ಬಂದಾಗಲೆಲ್ಲ "ಪುಟ್ಟನಿಗೇನು ಅವಸರ" ಎಂದರು. ಹಾಗೆನ್ನುತ್ತ ಎನ್ನುತ್ತ ಅವನ ತಲೆ ಬೋಳಾಯಿತು. ಆಮೇಲೆ, "ಈ ವಯಸ್ಸಲ್ಲಿ ಇನ್ನೇನು" ಎಂದರು. ಈ ಎರಡು ಮಾತುಗಳ ನಡುವೆ ಒಂದು ಸರಿಯಾದ ವಯಸ್ಸು ಬಂದು ಹೋಗಿರಬೇಕು. ಆ ಹೊತ್ತಿಗೆ ಅವನು ಬಹುಶಃ ಟೀ ತರಲು ಹೋಗಿದ್ದ.

ಟೀ ಅಂಗಡಿಯ ಪಕ್ಕದಲ್ಲೇ ಬೋರ್ಡ್ ಬರೆಯುವವನ ಗೂಡು. ಆರಡಿ ಆಳು, ಕದ ತುಂಬುವಷ್ಟು ಅಗಲ. ಅವನನ್ನು ಎಲ್ಲರೂ ಮರಿ ಎನ್ನುತ್ತಾರೆ. ಪುಟ್ಟ ಅವತ್ತು ಫ್ಲಾಸ್ಕ್ ಕಂಕುಳಲ್ಲಿ ಇಟ್ಟುಕೊಂಡೇ ಒಳಗೆ ಹೋಗಿ, ಒಂದು ಹೆಸರಿನ ಫಲಕ ಬೇಕೆಂದ. ಹೆಸರು ಹೇಳಿದ.

ಮರಿ ಕುಂಚ ಕೆಳಗಿಟ್ಟ. "ಇದ್ಯಾರು?"

"ನಾನೇ."

"ನೀನಾ? ಇಷ್ಟುದ್ದದ್ದನ್ನ ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದೆ ಮಾರಾಯ?"

"ಮುತ್ತಜ್ಜಂದು. ನನಗೆ ಬಂದಿದೆ. ಬಳಸಿಲ್ಲ."

"ಹೊಸಾದ್ರ ಹಾಗೇ ಇದೆ." ಮರಿ ಹಲಗೆಯ ಮೇಲೆ ಬೆರಳಿನಿಂದ ಅಳೆದು ನೋಡಿದ. ಹೆಸರುಗಳ ವಿಷಯದಲ್ಲಿ ಅವನಿಗೆ ಅವನದೇ ಒಂದು ಶಾಸ್ತ್ರವಿತ್ತು. "ನೋಡು ಪುಟ್ಟ, ಸಣ್ಣ ಹೆಸರಿನಲ್ಲಿ ಎರಡು ಜಾತಿ. ಒಂದು ಕತ್ತರಿಸಿದ್ದು. ಒಲೆ ಮೇಲೆ ಹಾಲು ಉಕ್ತಿದೆ, ಮಗು ಮೆಟ್ಟಿಲ ತುದೀಲಿದೆ, ಅಮ್ಮನಿಗೆ ಪೂರ್ತಿ ಹೆಸರು ಕೂಗೋಕೆ ಪುರುಸೊತ್ತೆಲ್ಲಿ? ಹಿಂದು ಮುಂದು ಕತ್ತರಿಸಿ ನಡುವಿನದ್ದಕ್ಕೆ ಒಂದು ಬಾಲ ಅಂಟಿಸಿದ್ಲು. ಅದು ಪರವಾಗಿಲ್ಲ, ಕತ್ತರಿಸಿದ್ದನ್ನ ಮತ್ತೆ ಜೋಡಿಸ್ಬಹುದು."

"ಇನ್ನೊಂದು?"

"ಆಸೆಯದ್ದು. ಮನೇಲಿ ಚೂರು ಬಂಗಾರ ಇಲ್ಲದೋರು ಮಗೂನ ಚಿನ್ನ ಅಂತಾರೆ. ಕಡ್ಡಿಯಂಥ ಕೂಸನ್ನ ಗುಂಡ ಅಂತಾರೆ. ನಮ್ಮಮ್ಮ ನನ್ನ ಮರಿ ಅಂದ್ಲು, ಸೆರಗಿನಲ್ಲೇ ಇರ್ಲಿ ಅಂತ. ಹೋಗ್ಬಿಟ್ಲು. ಈಗ ಇದನ್ನ ವಾಪಸ್ ತಗೊಳ್ಳೋರೇ ಇಲ್ಲ."

"ನನ್ನದು ಯಾವ ಜಾತಿ?"

ಮರಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ನಿನ್ನದು ಹೆಸರೇ ಅಲ್ಲ, ಅಳತೆ. ಅಳತೆ ತೆಗೆದೋರು ಆಮೇಲೆ ಬಂದು ನೋಡ್ಲಿಲ್ಲ, ಅಷ್ಟೆ. ಅಕ್ಷರಕ್ಕೆ ಹಳದಿ ಬಣ್ಣ ಆಗಬಹುದಾ?"

"ಆಗಬಹುದು. ದೊಡ್ಡದಾಗಿ ಬರಿ."

ಹಲಗೆ ಸಿದ್ಧವಾದಾಗ ಪುಟ್ಟ ಅದನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ತನ್ನ ಮಂಚದ ಕೆಳಗಿಟ್ಟ. ಬೆಳಗ್ಗೆ ಯಾರೂ ಏಳುವ ಮೊದಲು ತೆಗೆದು, ಓದಿ, ಮತ್ತೆ ಸುತ್ತುತ್ತಿದ್ದ. ಓದುವಾಗ ಅವನಿಗೆ ಸ್ವಲ್ಪ ಹೆದರಿಕೆಯೂ ಆಗುತ್ತಿತ್ತು. ಹೆಸರಿನವನು ಬಹಳ ದೊಡ್ಡ ಮನುಷ್ಯನಂತೆ ಕಾಣುತ್ತಿದ್ದ.

ಕೂಸು ಹುಟ್ಟಿತು. ಹೆಣ್ಣು.

ಸುದ್ದಿ ತಂದ ಅತ್ತಿಗೆ ನಗುತ್ತ ಅಂಗಡಿಗೇ ಬಂದಳು. ದೊಡ್ಡಣ್ಣನ ಹೆಂಡತಿ, ಈಗ ಮುತ್ತಜ್ಜಿ. "ತಾಯಿ ಮಗು ಇಬ್ಬರೂ ಚೆನ್ನಾಗಿದಾರೆ. ಯಾಕೋ ಪುಟ್ಟ, ಮುಖ ಹಿಂಡಿದ ಬಟ್ಟೆ ಥರ ಆಯ್ತು?"

"ಕಣ್ಣಿಗೆ ಅರದ ಪುಡಿ ಬಿತ್ತು ಅತ್ತಿಗೆ," ಎಂದ ಪುಟ್ಟ. ಅರ ಅವನ ಕೈಯಲ್ಲೇ ಇರಲಿಲ್ಲ.

ಮರುದಿನ, ಜೀವನದಲ್ಲಿ ಮೊದಲ ಸಲ, ಅವನಿಗೆ ಹೆಣ್ಣುಮಕ್ಕಳ ಹಕ್ಕಿನ ಬಗ್ಗೆ ಚಿಂತೆ ಶುರುವಾಯಿತು. ಕೀ ಉಜ್ಜುತ್ತ ಉಜ್ಜುತ್ತ, ಪತ್ರಿಕೆ ಓದುತ್ತಿದ್ದ ದೊಡ್ಡಣ್ಣನ ಕಡೆ ನೋಡದೆ ಹೇಳಿದ, "ಅಲ್ಲ ಅಣ್ಣ, ಈಗ ಹೆಣ್ಣುಮಕ್ಕಳು ವಿಮಾನ ಹಾರಿಸ್ತಾರೆ."

"ಹಾರಿಸ್ಲಿ."

"ಕೋರ್ಟಲ್ಲಿ ತೀರ್ಪು ಕೊಡ್ತಾರೆ."

"ಕೊಡ್ಲಿ. ನಿನಗೇನಾಯ್ತು?"

"ಏನಿಲ್ಲ. ನಮ್ಮನೇಲಿ ಮಾತ್ರ ಹೆಣ್ಣಿಗೊಂದು ಸ್ಥಾನ ಇಲ್ವಲ್ಲ ಅಂತ. ಊರಿನೋರು ಏನಂತಾರೆ? ಇಂಥಾ ಮನೆತನ, ಇನ್ನೂ ಹಳೇ ಕಾಲದಲ್ಲೇ ಇದೆ ಅಂತಾರೆ. ಪುಟ್ಟ ಅಂತಲೇ ಆಗ್ಬೇಕಾ? ಪುಟ್ಟಿ ಅಂದ್ರೆ ಹಲ್ಲು ಉದುರುತ್ತಾ?"

ದೊಡ್ಡಣ್ಣ ಪತ್ರಿಕೆ ಮಡಚಿ ಅವನನ್ನು ದಿಟ್ಟಿಸಿದ. ಪುಟ್ಟ ಕೀ ಮೇಲೆ ಅರ ಓಡಿಸಿದ, ಬೇಕಾದ್ದಕ್ಕಿಂತ ಎರಡು ಹಲ್ಲು ಜಾಸ್ತಿಯೇ ಸವೆಸಿದ. ಆ ಕೀ ಆಮೇಲೆ ಯಾವ ಬೀಗಕ್ಕೂ ಆಗಲಿಲ್ಲ. ಆದರೆ ಮಾತು ಮಾತ್ರ ತೂತಿಗೆ ಸರಿಯಾಗಿ ಕೂತಿತ್ತು. ಮಧ್ಯಾಹ್ನಕ್ಕೆ ದೊಡ್ಡಣ್ಣ ನಡುವಣ್ಣನ ಹತ್ತಿರ ಆ ವಿಚಾರ ಎತ್ತಿದ. ಸಂಜೆಗೆ ಅದು ಅವನದೇ ವಿಚಾರವಾಗಿತ್ತು. "ಕಾಲ ಬದಲಾಗಿದೆ ಪುಟ್ಟಾ," ಎಂದು ಅವನು ಪುಟ್ಟನಿಗೇ ತಿಳಿಹೇಳಿದ. "ನಿನ್ನಂಥೋರಿಗೆ ಇದು ಅರ್ಥ ಆಗೋದು ನಿಧಾನ."

ತಾಯಿ ಮಗು ಮನೆಗೆ ಬಂದ ಭಾನುವಾರ ಎಲ್ಲರೂ ನಡುಮನೆಯಲ್ಲಿ ಸೇರಿದರು. ಬೇರೆ ಊರಿನಿಂದ ಬಾಣಂತಿಯ ತಾಯಿ, ಅಂದರೆ ದೊಡ್ಡಣ್ಣನ ಮಗಳು, ಬಂದಿದ್ದಳು. ಪುಟ್ಟ ಬೆಳಗ್ಗೆಯೇ ಮಣೆಗೆ ಎಣ್ಣೆ ಹಚ್ಚಿ ಒರೆಸಿ, ತೊಟ್ಟಿಲ ಕೆಳಗೆ ಇಟ್ಟಿದ್ದ. ಪತ್ರಿಕೆಯಲ್ಲಿ ಸುತ್ತಿದ ಹಲಗೆ ಬಾಗಿಲ ಹಿಂದೆ ನಿಂತಿತ್ತು. ಅತ್ತಿಗೆ ಅದರ ಮೂಲೆ ಸರಿಸಿ ಹಳದಿ ಅಕ್ಷರ ಓದಿ, ಗಾಬರಿಯಿಂದ ಗಂಡನ ಕಿವಿಯಲ್ಲಿ, "ಇದ್ಯಾರ್ರೀ? ಅಂಗಡಿ ಮಾರಿಬಿಟ್ರಾ?" ಎಂದು ಕೇಳಿದ್ದು ಎಲ್ಲರಿಗೂ ಕೇಳಿಸಿತು.

ದೊಡ್ಡಣ್ಣ ಗಂಟಲು ಸರಿಮಾಡಿಕೊಂಡು ಆ ಹೆಸರನ್ನು ಪೂರ್ತಿಯಾಗಿ, ಗಟ್ಟಿಯಾಗಿ ಕರೆದ.

ಎಲ್ಲರೂ ಬಂದವರು ಯಾರೆಂದು ಬಾಗಿಲ ಕಡೆ ನೋಡಿದರು. ಪುಟ್ಟನೂ ನೋಡಿದ.

"ನಿನ್ನನ್ನೇ ಕಣೋ!" ನಡುವಣ್ಣ ತಿವಿದ.

"ಇವತ್ತಿಂದ ಈ ಕೂಸು ಪುಟ್ಟಿ," ದೊಡ್ಡಣ್ಣ ಮುಂದುವರಿಸಿದ. "ಹೆಣ್ಣಾದ್ರೇನು? ನಾನು ಭೇದ ಮಾಡೋನಲ್ಲ. ಇವನು ಇನ್ನು ಕುರ್ಚಿ ಮೇಲೆ ಕೂರ್ಲಿ. ಇನ್ನೊಂದು ಮಾತು. ಕೂಸಿಗೆ ಕೈಕಾಲು ಬಲಿಯೋವರೆಗೆ, ಅದರ ಪರವಾಗಿ ಕೆಲಸವೆಲ್ಲ ಇವನೇ ನೋಡ್ಕೊಳ್ಳೋದು."

"ಅಂದ್ರೆ?" ಪುಟ್ಟ ಕೇಳಿದ.

"ಅಂದ್ರೆ ಹೆಸರು ಅವಳದು, ಫ್ಲಾಸ್ಕ್ ನಿನ್ನದು. ನಾನು ತೊಟ್ಟಿಲಲ್ಲಿದ್ದಾಗ ಚಿಕ್ಕಪ್ಪ ಹೀಗೇ ಮಾಡ್ತಿದ್ದ. ಒಂದು ಹತ್ತು ಹನ್ನೆರಡು ವರ್ಷ, ಅಷ್ಟೆ."

ಪುಟ್ಟ ಮನಸ್ಸಿನಲ್ಲೇ ಐವತ್ತಾರಕ್ಕೆ ಹನ್ನೆರಡು ಕೂಡಿಸಿದ. ಬಂದ ಉತ್ತರ ನೋಡಿದ. ಆದರೂ ತಲೆಯಾಡಿಸಿದ. ಹೆಸರಾದರೂ ಬಂತಲ್ಲ, ಇಲ್ಲದ ಮಾವನಿಗಿಂತ ಕಿವುಡ ಮಾವ ಮೇಲು.

"ಒಂದ್ನಿಮಿಷ," ತೊಟ್ಟಿಲ ಪಕ್ಕದಿಂದ ಬಾಣಂತಿ ಎಂದಳು. "ಹೆಣ್ಣಾದ್ರೂ ಆಗುತ್ತೆ ಅಂತಾದ್ರೆ, ನಮ್ಮಮ್ಮ ಹುಟ್ಟಿದ ದಿನಾನೇ ಪುಟ್ಟ ತಾತ ಮಣೆಯಿಂದ ಏಳ್ಬೇಕಿತ್ತಲ್ವಾ? ಆಗ ಇವರಿಗೆ ಹತ್ತು ವರ್ಷ ಇರ್ಬಹುದು."

"ಆಗಿನ ಕಾಲ ಬೇರೆ ಕಣಮ್ಮ."

"ಸರಿ, ಅಮ್ಮನ ಬಿಡಿ. ನಾನು ಹುಟ್ಟಿದಾಗ? ನಾನು ಬಸ್ಸಿನ ಲೆಕ್ಕ ಹಾಕೋಳು ತಾತ. ಇವರ ಮುಂದೆ ಎರಡು ಬಸ್ ಬಂದು ಹೋಗಿವೆ. ಹತ್ತಿಸ್ದೆ ಸ್ಟಾಪಲ್ಲೇ ನಿಲ್ಲಿಸಿದೀರಿ."

"ಯಾರೂ ಕೇಳ್ಲಿಲ್ಲ," ದೊಡ್ಡಣ್ಣ ಎಂದ.

"ಯಾರು ಕೇಳ್ಬೇಕಿತ್ತು?"

ದೊಡ್ಡಣ್ಣ ಪುಟ್ಟನನ್ನು ನೋಡಿದ. ನಡುವಣ್ಣನೂ ನೋಡಿದ, ಅತ್ತಿಗೆಯೂ. ನೋಡಲು ಯಾರೂ ಉಳಿಯದೆ ಪುಟ್ಟ ಮಣೆಯನ್ನು ನೋಡಿದ. ಅದು ಎಣ್ಣೆಯಲ್ಲಿ ಮಿರಿಮಿರಿ ಮಿಂಚುತ್ತಿತ್ತು. ಐವತ್ತಾರು ವರ್ಷದಲ್ಲಿ ಅವನು ಸುತ್ತಿ ಬಳಸಿಯಾದರೂ ಕೇಳಿದ್ದು ಇದೊಂದೇ ಸಲ. ಕೇಳಿದ ಸಂಜೆಗೇ ಸಿಕ್ಕಿತ್ತು.

"ಈಗ ಕೇಳ್ದ, ಕೊಟ್ಟೆ," ದೊಡ್ಡಣ್ಣ ಅವಸರದಿಂದ ಹೇಳಿದ. "ಹಳೇದನ್ನೆಲ್ಲ ಕೆದಕ್ಬೇಡ. ಮುದ್ದಿನ ಹೆಸರು, ಪ್ರೀತಿಯಿಂದ ಕೊಡ್ತಿರೋದು. ಕೂಸಿಗೆ ಇಡು."

"ಬೇಡ ತಾತ."

"ಮನೆತನದ್ದು ಕಣೇ!"

"ಪ್ರೀತಿ ಇಟ್ಕೋತೀನಿ. ಹೆಸರು ಬೇಡ. ಇವಳಿಗೆ ಪುಟ್ಟಿ ಅಂತ ಯಾರೂ ಕರೀಬೇಡಿ." ಅವಳು ಒಂದು ಕಾಲಿನಿಂದ ಮಣೆಯನ್ನು ತೊಟ್ಟಿಲ ಕೆಳಗಿನಿಂದ ಈಚೆ ತಳ್ಳಿದಳು. "ಪುಟ್ಟ ತಾತನ್ನ ನೋಡೇ ಹೇಳ್ತಿದೀನಿ. ಬೇಜಾರು ಮಾಡ್ಕೋಬೇಡಿ, ಪುಟ್ಟ ತಾತ."

ಬೇಜಾರಾಗಲು ಪುಟ್ಟನಿಗೆ ಪುರುಸೊತ್ತಿರಲಿಲ್ಲ. ಅವನು ಸೂರು ನೋಡುತ್ತಿದ್ದ. ದೊಡ್ಡಣ್ಣನಿಗೆ ಒಬ್ಬರು ಎದುರಿಗೇ ಬೇಡ ಎಂದಿದ್ದರು. ಒಂದು ಹೆಂಚೂ ಜಾರಿರಲಿಲ್ಲ. ಅತ್ತಿಗೆ ಕೂಸಿನ ಮೂಗು ಒರೆಸುತ್ತಿದ್ದಳು. ನಡುವಣ್ಣ ಆಕಳಿಸಿದ.

"ಹೋಗ್ಲಿ ಬಿಡು, ಹೆಸರನ್ನ ಬೀದೀಲಿ ಎಸೆಯೋಕಾಗುತ್ತಾ?" ದೊಡ್ಡಣ್ಣ ಬಗ್ಗಿ ಮಣೆ ಎತ್ತಿ ತಮ್ಮನ ಕಾಲ ಬಳಿ ಇಟ್ಟ. "ನಿನ್ನ ಹತ್ರಾನೇ ಇರ್ಲಿ. ನಿನಗೇ ಒಪ್ಪುತ್ತೆ." ಆಮೇಲೆ ಕಿಟಕಿಯ ಮೇಲಿದ್ದ ಫ್ಲಾಸ್ಕ್ ತೆಗೆದು ಮುಂದೆ ಹಿಡಿದ. ಮುಖದಲ್ಲಿ ಎಂದೂ ಇರದ ಒಂದು ಮೆತ್ತಗಿನ ಕಳೆ ಬಂದಿತ್ತು. "ಮಾತಾಡಿ ಮಾತಾಡಿ ಗಂಟಲು ಒಣಗಿದೆ. ಎಲ್ಲರಿಗೂ ಟೀ, ಪುಟ್ಟಾ. ನಿನಗೂ ಒಂದು ತಗೋ, ನನ್ನ ಲೆಕ್ಕದಲ್ಲಿ."

ಅವನು ಫ್ಲಾಸ್ಕ್ ನೋಡಿದ. ನಡುವಣ್ಣನ ಪಕ್ಕದಲ್ಲಿ ಖಾಲಿ ಬಿದ್ದಿದ್ದ ಕುರ್ಚಿಯನ್ನು ಎಳೆದುಕೊಂಡು ಕೂತ. ಬೆನ್ನಿಗೆ ಏನೋ ತಗುಲಿದ್ದಕ್ಕೆ ಒಮ್ಮೆ ಬೆಚ್ಚಿ, ಅದು ಕುರ್ಚಿಯ ಬೆನ್ನು ಎಂದು ಗೊತ್ತಾದ ಮೇಲೆ ಒರಗಿದ.

"ಬೇಡ," ಎಂದ. "ನಾನು ಹೋಗಲ್ಲ."