ಅತಿಥಿಯ ಅತಿಥಿ

ನಮ್ಮ ಕ್ಲಬ್ಬಿನಲ್ಲಿ ಬಿಂಗೊ ನಡೆಯುವಾಗ ಎದೆನೋವು ಬಂದವನೂ ಆಟ ಮುಗಿಯುವವರೆಗೆ ತಡೆದುಕೊಳ್ಳಬೇಕು. ವೇದಿಕೆಯ ಮೇಲಿನಿಂದ ಅಂಕಿ ಕೂಗುತ್ತಾರೆ, ಕೆಳಗೆ ಕೂತವರು ತಮ್ಮ ತಮ್ಮ ಚೀಟಿಯಲ್ಲಿ ಅದನ್ನು ಹುಡುಕಿ ಹೊಡೆದುಹಾಕುತ್ತಾರೆ. ಎಲ್ಲವನ್ನೂ ಮೊದಲು ಹೊಡೆದು ಕೂಗಿದವರಿಗೆ ಬಹುಮಾನ. ಅಷ್ಟೇ ಆಟ. ಆದರೆ ಇಂಗ್ಲೆಂಡಿನ ಹಲ್ ಶಹರದ ನಮ್ಮ ಹೆಸಲ್ ರಸ್ತೆಯ ಜನ ಚರ್ಚಿನಲ್ಲಿ ಪಿಸುಗುಟ್ಟಿಯಾರು, ಹೆಣದ ಮುಂದೆ ನಕ್ಕಾರು, ಬಿಂಗೊ ನಡುವೆ ಕೆಮ್ಮುವುದೂ ಇಲ್ಲ.

ಇದನ್ನು ಫೇಬಿಯನ್‌ಗೆ ಹೇಳಬೇಕೆಂದು ನಮ್ಮಪ್ಪ ಕ್ಲೈವ್‌ಗೆ ಹೊಳೆಯಲೇ ಇಲ್ಲ. ನೀರಿಗೆ ಬಿದ್ದರೆ ಒದ್ದೆಯಾಗುತ್ತದೆ ಎಂದು ಯಾರಿಗಾದರೂ ಹೇಳುತ್ತೇವೆಯೇ?

ಫೇಬಿಯನ್ ವಿಯೆನ್ನಾದವನು. ಬೆನ್ನಿಗೊಂದು ಚೀಲ ಏರಿಸಿಕೊಂಡು ಇಂಗ್ಲೆಂಡಿನ ಊರೂರು ಸುತ್ತುತ್ತಿದ್ದ. ಹೋಟೆಲಿನಲ್ಲಿ ಉಳಿಯುವವರು ಅವನ ದೃಷ್ಟಿಯಲ್ಲಿ ದೇಶ ನೋಡಲು ಬಾರದ ದಡ್ಡರು. ಲೀಡ್ಸಿನಲ್ಲಿ ಒಬ್ಬ ನರ್ಸಿನ ಮನೆ, ಬ್ರಾಡ್‌ಫರ್ಡಿನಲ್ಲಿ ಟ್ಯಾಕ್ಸಿ ಡ್ರೈವರನ ಮನೆ, ನಾಟಿಂಗ್‌ಹ್ಯಾಮಿನಲ್ಲಿ ಯಾರದೋ ದೋಣಿ, ಎಲ್ಲ ಕಡೆ ಪುಕ್ಕಟೆ. ಎಲ್ಲರೂ ಜೀವದ ಗೆಳೆಯರು. ಹೆಸರು ಕೇಳಿದರೆ ಮಾತ್ರ ತಲೆ ಕೆರೆದುಕೊಳ್ಳುತ್ತಿದ್ದ.

ಅಮ್ಮ ಟೈಲ್ಸ್ ಕೂರಿಸುವವನೊಬ್ಬನ ಜೊತೆ ಸ್ಪೇನಿಗೆ ಹೊರಟುಹೋದ ಮೇಲೆ, ಅಪ್ಪ ನಮ್ಮ ಸೋಫಾವನ್ನು ಇಂಥವರು ಪುಕ್ಕಟೆ ಮಲಗಲೆಂದು ಇಂಟರ್ನೆಟ್ಟಿನಲ್ಲಿ ಹಾಕಿದ್ದ. ಬಂದವರು ನಾಲ್ಕು ಮಾತಾಡಲಿ ಎಂಬುದಷ್ಟೇ ಅವನ ಆಸೆ. ಫೇಬಿಯನ್ ಬಂದವನೇ ನನ್ನ ರಾತ್ರಿಯೂಟದ ಆಲೂಗಡ್ಡೆ ಪ್ಯಾಟಿಯನ್ನು ತಿಂದು, ಇದೇ ನಿಜವಾದ ಇಂಗ್ಲೆಂಡ್ ಎಂದ. ಬಚ್ಚಲಿನ ಗೋಡೆಯ ಬೂಷ್ಟಿನ ಫೋಟೊ ತೆಗೆದುಕೊಂಡ. ಆ ಬೂಷ್ಟಿನಿಂದ ನನಗೆ ಚಳಿಗಾಲವಿಡೀ ಉಬ್ಬಸ. ಅವನಿಗೆ ಅದೂ ಒಂದು ಅನುಭವ.

ಭಾನುವಾರ ಅಪ್ಪ ಅವನನ್ನು ಕ್ಲಬ್ಬಿಗೆ ಕರೆದುಕೊಂಡು ಹೋದ. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋಗಲು ಅಪ್ಪನಿಗೆ ಈ ಲೋಕದಲ್ಲಿ ಉಳಿದಿದ್ದ ಜಾಗ ಅದೊಂದೇ. ಸದಸ್ಯನಲ್ಲದವನು ಒಳಗೆ ಬರಬೇಕಾದರೆ ಸದಸ್ಯನೊಬ್ಬ ಬಾಗಿಲಲ್ಲಿ ಅವನ ಪರವಾಗಿ ಸಹಿ ಹಾಕಬೇಕು. ಆಮೇಲೆ ಅತಿಥಿ ಏನು ಮಾಡಿದರೂ ಹೊಣೆ ಸಹಿ ಹಾಕಿದವನದು. ಅಪ್ಪ ನನಗೂ ಫೇಬಿಯನ್‌ಗೂ ಸಹಿ ಹಾಕಿದ.

ಬಿಂಗೊ ನಡೆದಿತ್ತು. ಪಕ್ಕದ ಮೇಜಿನ ಡೋರೀನ್‌ಗೆ ಇನ್ನೊಂದೇ ಅಂಕಿ ಬಾಕಿ. ಫೇಬಿಯನ್ ಅವಳ ಭುಜ ಮುಟ್ಟಿ, ಒಂದು ಕಾಲಕ್ಕೆ ಊರನ್ನೇ ಸಾಕಿದ್ದ ಮೀನುಗಾರಿಕೆ ಸತ್ತಾಗ ಈ ಊರಿನ ಮನಸ್ಸಿಗೆ ಹೇಗನಿಸಿತು ಎಂದು ಕೇಳಿದ. ಅವಳು ತಿರುಗಿದಳು. ಅವಳ ಅಂಕಿ ಬಂತು, ಹೋಯಿತು. ಬಹುಮಾನದ ಮಾಂಸದ ಬುಟ್ಟಿ ಆಚೆ ಮೇಜಿಗೆ ಹೋಯಿತು. ಯಾರೂ ಕೂಗಾಡಲಿಲ್ಲ. ಸುಮ್ಮನೆ ಎಲ್ಲರೂ ಅಪ್ಪನನ್ನು ನೋಡಿದರು.

ಮರುದಿನ ಸಮಿತಿ ಸೇರಿತು. ಸೆಕ್ರೆಟರಿ ನಾರ್ಮನ್, ಡೋರೀನಳ ಅಣ್ಣ. ಅರ್ಧ ತೆರೆದ ಬಾಗಿಲಾಚೆ ನಾನು ನಿಂತಿದ್ದೆ.

"ಅವನಿಗೆ ಗೊತ್ತಿರ್ಲಿಲ್ಲ ನಾರ್ಮನ್," ಎಂದ ಅಪ್ಪ.

"ನಿಂಗೆ ಗೊತ್ತಿತ್ತಲ್ಲ ಮಾರಾಯ. ನಿಯಮ ಅಂದ್ರೆ ನಿಯಮ. ನಂಗೇನು ಖುಷಿನಾ?"

ಖುಷಿಯೇ ಆಗಿತ್ತು. ಆ ಸಮಿತಿಗೆ ಬಹಳ ಕಾಲದಿಂದ ಹೊರಹಾಕಲು ಯಾರೂ ಸಿಕ್ಕಿರಲಿಲ್ಲ. ಅಪ್ಪನ ಹೆಸರು ಕಿತ್ತುಹಾಕಿದರು.

ಫೇಬಿಯನ್ ನಮ್ಮ ಬ್ರೆಡ್ಡಿಗೆ ನಮ್ಮ ಬೆಣ್ಣೆ ಬಳಿಯುತ್ತ, ಇದೆಲ್ಲ ಸಂಸ್ಕೃತಿ ಎಂದು ಅಪ್ಪನಿಗೆ ಸಮಾಧಾನ ಹೇಳಿದ. ಒಂದು ಮಾತಾಡಿದರೆ ಒದ್ದು ಹೊರಹಾಕುವ ಕ್ಲಬ್ಬು ಹಲ್‌ನಲ್ಲಿದೆ ಎಂದು ಇಂಟರ್ನೆಟ್ಟಿನಲ್ಲಿ ಬರೆದ. ಎರಡೇ ರಾತ್ರಿ ಎಂದಿದ್ದವನು ಉಳಿದೇಬಿಟ್ಟ.

ಅದನ್ನು ಓದಿ ಮುಂದಿನ ಭಾನುವಾರ ಮ್ಯಾಂಚೆಸ್ಟರಿನಿಂದ, ಲೀಡ್ಸಿನಿಂದ ಚೀಲ ಹೊತ್ತ ಹುಡುಗ ಹುಡುಗಿಯರ ದಂಡೇ ಬಂತು, ನಮ್ಮವರ ಜೊತೆ ಬಾಯಿ ಮುಚ್ಚಿಕೊಂಡು ಕೂರಲು. ನಾರ್ಮನ್ ತಾನೇ ಎಲ್ಲರಿಗೂ ಸಹಿ ಹಾಕಿದ. ಬೀರ್ ಪೀಪಾಯಿಗಳು ಖಾಲಿ. ಸೋರುವ ಸೂರಿನಡಿ ಇಂದೋ ನಾಳೆಯೋ ಮುಚ್ಚುವಂತಿದ್ದ ಕ್ಲಬ್ಬಿಗೆ ಜೀವ ಬಂತು. ಸಮಿತಿ ಮತ್ತೆ ಸೇರಿ ಫೇಬಿಯನ್‌ನನ್ನು ಗೌರವ ಸದಸ್ಯನನ್ನಾಗಿ ಮಾಡಿತು. ಅವನ ಕೋಟಿಗೆ ಸದಸ್ಯರ ಬಿಲ್ಲೆ ಚುಚ್ಚಿದವಳು ಡೋರೀನ್.

ಅಪ್ಪ ಆ ಸಂಜೆ ಇಸ್ತ್ರಿ ಅಂಗಿ ತೊಟ್ಟು ನಮ್ಮ ಅಡುಗೆಮನೆಯಲ್ಲಿ ಕೂತಿದ್ದ.

ಅದರ ಮುಂದಿನ ಭಾನುವಾರ ಫೇಬಿಯನ್ ಉದಾರವಾಗಿ ನಕ್ಕು, ನೀನೂ ಬಾ, ನಾನು ಸಹಿ ಹಾಕುತ್ತೇನೆ ಎಂದ. ಅಪ್ಪ ಗಡ್ಡ ಬೋಳಿಸಿಕೊಳ್ಳಲು ಎದ್ದ. ನನಗೆ ಮೈ ಉರಿಯಿತು.

"ನಮ್ಮ ಸೋಫಾದ ಮೇಲೆ ಮಲಗೋನ ಬಾಲ ಹಿಡ್ಕೊಂಡು ಹೋಗ್ತೀಯೇನಪ್ಪ? ನಾಚ್ಕೆ ಆಗಲ್ವಾ?"

"ಆಗುತ್ತೆ ಕಣೋ ಮಗಾ," ಎಂದ ಕನ್ನಡಿ ನೋಡುತ್ತಲೇ. "ಇಲ್ಲೇ ಕೂತಿದ್ರೂ ಆಗುತ್ತೆ. ಅಲ್ಲಾದ್ರೆ ಬೀರ್ ಇರುತ್ತೆ."

ನಾನೂ ಬಾಗಿಲ ತನಕ ಹೋದೆ. ಫೇಬಿಯನ್ ಸಹಿ ಹಾಕಿದ. ಜೊತೆಗೆ ಬೆಳೆದ, ಜೊತೆಗೆ ಕುಡಿದ ನಾರ್ಮನ್ ಅಪ್ಪನನ್ನು ಹೊಸಬನಂತೆ ಅಡಿಯಿಂದ ಮುಡಿಯವರೆಗೆ ನೋಡಿದ.

"ನೋಡಿ ನಡ್ಕೋ ಕ್ಲೈವ್. ನೀನೇನಾದ್ರೂ ಮಾಡಿದ್ರೆ ಪಾಪ ಈ ಹುಡುಗನ ಮೇಲೆ ಬರುತ್ತೆ."

ಅಪ್ಪ ತಲೆಯಾಡಿಸಿದ. ನನಗೂ ಸಹಿ ಹಾಕಲೇ ಎಂದು ಫೇಬಿಯನ್ ಕೇಳಿದ. ಬೇಡವೆಂದು ಕಿಟಕಿಯ ಹೊರಗೆ ನಿಂತೆ. ಅಪ್ಪನ ಕುರ್ಚಿಯಲ್ಲಿ ಯಾವುದೋ ಹುಡುಗಿಯ ಚೀಲವಿತ್ತು. ಅವನು ಕಕ್ಕಸಿನ ಬಾಗಿಲ ಬಳಿ ಸ್ಟೂಲೊಂದನ್ನು ಎಳೆದುಕೊಂಡು, ಪೆನ್ನು ಹಿಡಿದು, ಉಸಿರು ಬಿಗಿಹಿಡಿದು ಅಂಕಿಗೆ ಕಿವಿಗೊಟ್ಟ. ಅಷ್ಟು ಸಂತೋಷವಾಗಿ ಅವನನ್ನು ಕಂಡು ಬಹಳ ದಿನವಾಗಿತ್ತು. ನನ್ನ ಸಿಟ್ಟು ಇನ್ನೂ ಹೆಚ್ಚಾಯಿತು.

ಸೋಮವಾರ ಬೆಳಿಗ್ಗೆ ಫೇಬಿಯನ್ ಚೀಲ ಕಟ್ಟತೊಡಗಿದ. ಲಿಂಕನ್ ಶಹರದಲ್ಲಿ ಯಾರೋ ಹೊಸ ಗೆಳೆಯನಿದ್ದಾನಂತೆ, ಇನ್ನೂ ಭೇಟಿಯಾಗಿಲ್ಲವಂತೆ. ಸೋಫಾದಿಂದ ಸೊಂಟವೂ ಹಿಡಿದುಕೊಂಡಿದೆ ಎಂದ.

ಅಪ್ಪನ ಮುಖ ಬಿಳುಚಿತು. ಇವನು ಹೋದರೆ ಸಹಿ ಹಾಕುವವರು ಯಾರು? ನನ್ನನ್ನು ಪಕ್ಕಕ್ಕೆ ಕರೆದ.

"ಮಗಾ, ನಿನ್ನ ಕೋಣೆ ಅವನಿಗೆ ಬಿಟ್ಕೊಡ್ತೀಯಾ? ಸ್ವಲ್ಪ ದಿನ."

ಬೈಯಲು ಬಾಯಿ ತೆರೆದೆ. ಅವನು ನನ್ನ ತೋಳು ಹಿಡಿದುಕೊಂಡೇ ಇದ್ದ. ಮೇಲೆ ಹೋಗಿ ನನ್ನ ರಜಾಯಿಯನ್ನು ಹೊತ್ತು ತಂದು ಸೋಫಾದ ಮೇಲೆ ಬಿಸಾಕಿದೆ.

ಫೇಬಿಯನ್ ನನ್ನ ಮಂಚವನ್ನು ಎರಡು ಸಲ ಒತ್ತಿ ನೋಡಿದ. ಪರವಾಗಿಲ್ಲ, ಆದರೆ ಇನ್ನೊಂದು ದಿಂಬು ಇದೆಯೇ ಎಂದು ಕೇಳಿದ.

ಅಪ್ಪ ತನ್ನದನ್ನು ತರಲು ಓಡಿದ.