ಎಲ್ಲ ಕಡೆಗೂ ಒಂದೇ ಅಂಕಿ

"ಅಲೆಯ ಹತ್ರಾನೂ, ದೂರದಲ್ಲೂ ಕಣಗಳು ಒಂದೇ ಥರ ಹರಡ್ತವೆ ಅಂತ ಯಾಕೆ ತಗೊಂಡ್ರಿ?"

ಪರೀಕ್ಷಕಿ ಹೀಗೆ ಕೇಳಿದಾಗ ಮುಂದಿನ ಸಾಲಿನಲ್ಲಿ ಕುಳಿತಿದ್ದ ದೊಡ್ಡ ಮೇಷ್ಟ್ರು ಕುರ್ಚಿಯಲ್ಲಿ ನೆಟ್ಟಗಾದರು. ಬೋರ್ಡಿನ ಬಳಿ ನಿಂತವಳು ಅವರ ಶಿಷ್ಯೆ. ಈವತ್ತು ಪಿಎಚ್‌ಡಿಯ ಈ ಮೌಖಿಕ ಪರೀಕ್ಷೆಯಲ್ಲಿ ಪಾಸಾದರೆ ಬೇರೆ ಊರಲ್ಲಿ ಒಂದು ಕೆಲಸ ಅವಳಿಗಾಗಿ ಕಾದಿತ್ತು.

ಸೂರ್ಯ ಸಿಡಿದಾಗ ಬಾಹ್ಯಾಕಾಶದಲ್ಲಿ ನುಗ್ಗುವ ಆಘಾತದ ಅಲೆ, ಅದರ ಬಳಿ ಕಾಂತಕ್ಷೇತ್ರದ ಗೋಜಲಿಗೆ ಸಿಕ್ಕಿ ದಿಕ್ಕುಗೆಟ್ಟು ಚದುರುವ ವಿದ್ಯುತ್ಕಣಗಳು: ವರ್ಷಗಟ್ಟಲೆ ಅವಳು ಇದರ ಬೆನ್ನು ಹತ್ತಿದ್ದಳು. ಅಲೆಯ ಹತ್ತಿರ ಆ ಕಣಗಳೇ ಕ್ಷೇತ್ರವನ್ನು ಕದಡುತ್ತವೆ, ಅದಕ್ಕೇ ಅಲ್ಲಿಂದ ಅವು ಹರಡಿಹೋಗುವುದು ನಿಧಾನ ಎಂದು ಎಷ್ಟೋ ಸಲ ವಾದಿಸಿದ್ದಳು. "ಅತಿಬುದ್ಧಿ ಬೇಡಮ್ಮ. ಎಲ್ಲ ಕಡೆಗೂ ಒಂದೇ ಅಂಕಿ ಹಾಕು, ಲೆಕ್ಕ ಬೇಗ ಮುಗಿಯುತ್ತೆ" ಎಂದು ಬಾಯಿ ಮುಚ್ಚಿಸಿದವರು ಮೇಷ್ಟ್ರೇ.

ಹುಡುಗಿ ಅವರತ್ತ ನೋಡಿದಳು. ಪರೀಕ್ಷಕಿಯೂ ನೋಡಿದರು.

"ನಾನೂ ಅದನ್ನೇ ಬಡ್ಕೊಂಡೆ," ಎಂದುಬಿಟ್ಟರು ಮೇಷ್ಟ್ರು, ನಗುತ್ತಾ. "ಈಗಿನ ಮಕ್ಕಳು ಹೇಳಿದ್ದನ್ನ ಕಿವಿಗೆ ಹಾಕ್ಕೊಂಡ್ರೆ ತಾನೆ?"

ಕುಳಿತವರೆಲ್ಲ ನಕ್ಕರು. ಹುಡುಗಿಯ ಮುಖ ಕಪ್ಪಿಟ್ಟಿತು. "ಹೌದು ಮೇಡಂ, ತಪ್ಪು ನನ್ನದೇ," ಎಂದು ಬೋರ್ಡಿನ ಕಡೆ ತಿರುಗಿಕೊಂಡಳು.

ಮುಖ್ಯ ಅಧ್ಯಾಯ ಪೂರ್ತಿ ಮತ್ತೆ ಬರೆಯಬೇಕೆಂದು ತೀರ್ಮಾನವಾಯಿತು. ಆ ಕೆಲಸ ಅಷ್ಟು ದಿನ ಕಾಯುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು.

ಹೊರಗೆ ಮೊಗಸಾಲೆಯಲ್ಲಿ ಹುಡುಗಿಯ ತಾಯಿ ಮೇಷ್ಟ್ರನ್ನು ತಡೆದು ನಿಲ್ಲಿಸಿದರು. ಬಟ್ಟೆ ಹೊಲಿದು ಮಗಳನ್ನು ಓದಿಸಿದ ಹೆಂಗಸು.

"ಬೇಜಾರು ಮಾಡ್ಕೋಬೇಡಿ ಸರ್. ಚಿಕ್ಕೋಳಿದ್ದಾಗಿಂದ್ಲೂ ಹಟಮಾರಿ ಅವಳು. ನಿಮ್ಮ ಮಾತು ಕೇಳಿದ್ದಿದ್ರೆ ಹೀಗಾಗ್ತಿರ್ಲಿಲ್ಲ."

ಮೇಷ್ಟ್ರಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. "ಕೇಳಿದ್ದಕ್ಕೇ ಹೀಗಾಯ್ತಮ್ಮ," ಎಂಬ ಮಾತು ನಾಲಿಗೆಯ ತುದಿಗೆ ಬಂದು ಅಲ್ಲೇ ಸತ್ತಿತು. ಅವರು ಸರಸರನೆ ಒಳಗೆ ಹೋದರು.

ಪರೀಕ್ಷಕಿ ಕನ್ನಡಕ ಒರೆಸುತ್ತಿದ್ದರು.

"ಆ ಅಂಕಿ ನನ್ನದು. ಅವಳು ಬೇಡ ಅಂದಿದ್ಲು," ಎಂದರು ಮೇಷ್ಟ್ರು.

"ಗೊತ್ತಾಯ್ತು. ನಿಮ್ಮ ಹಳೇ ಲೇಖನಗಳಲ್ಲೆಲ್ಲ ಅದೇ ಇದೆಯಲ್ಲ. ನೀವೇ ಹೇಳ್ತೀರೇನೋ ಅಂತ ಕಾದೆ."

"ಹಾಗಾದ್ರೆ ತೀರ್ಮಾನ…?"

"ಯಾರು ಹಾಕಿದ್ರೂ ಲೆಕ್ಕ ತಪ್ಪೇ ಅಲ್ವಾ? ಬರೀಲೇಬೇಕು." ಅವರು ಕನ್ನಡಕ ಹಾಕಿಕೊಂಡು ಮೇಷ್ಟ್ರನ್ನು ನೇರವಾಗಿ ನೋಡಿದರು. "ನನಗೆ ಹೇಳಿ ಏನು ಪ್ರಯೋಜನ?"

ಮೇಷ್ಟ್ರು ಹೊರಗೆ ಬಂದರು. ಕಿಟಕಿಯ ಕೆಳಗಿನ ಬೆಂಚಿನ ಮೇಲೆ ತಾಯಿ ಮಗಳು ಒತ್ತಿಕೊಂಡು ಕುಳಿತಿದ್ದರು. ಅವರನ್ನು ಕಂಡದ್ದೇ ತಾಯಿ ಗಡಬಡಿಸಿ ಸರಿದರು.

"ಬನ್ನಿ ಸರ್, ಕೂತ್ಕೊಳ್ಳಿ."

ಹುಡುಗಿ ತಲೆಯೆತ್ತಲಿಲ್ಲ. ಆದರೆ ಅವಳೂ ಇನ್ನಷ್ಟು ಸರಿದು, ಬೆಂಚಿನ ಮೇಲಿದ್ದ ತನ್ನ ಚೀಲವನ್ನು ಎತ್ತಿ ಮಡಿಲಲ್ಲಿಟ್ಟುಕೊಂಡಳು.